ಪೆಟ್ಟಿಗೆಯ ಹೊರಗಿನ ತಮ್ಮನಿಗೆ

ಸ್ಟುಡಿಯೋ, ಟೈರ್ ಅಂಗಡಿಯ ಮೇಲಿನ ಮಹಡಿ
ಬುಧವಾರ, ಬೆಳಗಿನ ಹಾಡುಗಳು ಮುಗಿದ ಮೇಲೆ

ನನ್ನ ಮುದ್ದಿನ ತಮ್ಮಾ,

ಹೇಗಿದ್ದೀಯ? ಗಂಟಲಿನ ಗಾಯ ಪೂರ್ತಿ ಒಣಗಿತೇ? ಕುತ್ತಿಗೆಯ ತೂತಿಗೆ ಧೂಳು ಹೋಗದಂತೆ ಕಟ್ಟಿಕೊಳ್ಳುವ ಬಟ್ಟೆಯನ್ನು ದಿನವೂ ಬದಲಿಸು. ಚಿಕ್ಕಂದಿನಿಂದಲೂ ಒಂದೇ ಅಂಗಿಯನ್ನು ಮೈಮೇಲೆಯೇ ಹರಿಯುವ ತನಕ ಹಾಕುವವನು ನೀನು, ಅದಕ್ಕೇ ಹೇಳುತ್ತಿದ್ದೇನೆ. ಊಟ ಹೊಟ್ಟೆಗೆ ಹಿಡಿಯುತ್ತಿದೆಯೇ? ಪಕ್ಕದ ಹಾಸಿಗೆಯವನ ಗೊರಕೆ ಈಗಲೂ ಹಾಗೇ ಇದೆಯೇ? ಅವನ ಗೊರಕೆಯ ಬಗ್ಗೆ ನೀನು ಬರೆದದ್ದನ್ನು ಓದಿ ಬಹಳ ನಕ್ಕೆ. ಒಬ್ಬನ ಗೊರಕೆಯನ್ನು ಕೇಳಿಯೂ ಹೊಟ್ಟೆಕಿಚ್ಚು ಪಡುವ ಸ್ಥಿತಿಗೆ ಬಂದೆಯಲ್ಲ, ಪಾಪ. ಅಂದ ಹಾಗೆ ನಿನ್ನ ಅಕ್ಷರ ತುಂಬಾ ಸುಧಾರಿಸಿದೆ. ಮೊದಲು ಕೋಳಿ ಕೆದರಿದ ಹಾಗಿರುತ್ತಿತ್ತು. ಒಂದು ದಾರಿ ಮುಚ್ಚಿತೆಂದರೆ ಮನುಷ್ಯ ಉಳಿದ ದಾರಿಯನ್ನು ಗುಡಿಸಿ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾನೆ, ನೋಡು.

ನೀನು ಕೇಳಿದ್ದು ಇಷ್ಟೇ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದಾರೆ, ಅದರಲ್ಲಿ ಈಗ ಮಾತು ಬರುತ್ತದೆ. ಭಾನುವಾರ ಬೆಳಗ್ಗೆ ಹದಿನೈದು ನಿಮಿಷ ಕೊಡು ಅಕ್ಕಾ, ನನಗೆ ಏನಾಯಿತೆಂದು ಕೇಳುಗರಿಗೆ ನಾನೇ ಹೇಳುತ್ತೇನೆ, ಆಮೇಲೆ ಅವರೇ ಬೇಡವೆಂದರೆ ಸುಮ್ಮನಾಗುತ್ತೇನೆ ಎಂದು. ಕಾಗದವನ್ನು ಎರಡು ಸಲ ಓದಿದೆ. ಉತ್ತರ ಕೊಡದೆ ಇರುವವಳಲ್ಲ ನಾನು, ಕೊಡುತ್ತೇನೆ. ಅದಕ್ಕೆ ಮೊದಲು ನೀನಿಲ್ಲದಾಗ ಇಲ್ಲಿ ಏನೇನಾಯಿತೆಂದು ನಿನಗೆ ತಿಳಿದಿರಬೇಕು. ಹೋದ ತಿಂಗಳು ಹೇಳದೆ ಕೇಳದೆ ಬಂದು ನಿಂತಾಗ ಅದನ್ನೆಲ್ಲ ವಿವರಿಸುವ ವ್ಯವಧಾನ ನನಗಿರಲಿಲ್ಲ. ನಿನ್ನನ್ನು ಬಸ್ಸು ಹತ್ತಿಸುವ ಅವಸರದಲ್ಲಿದ್ದೆ.

ಈ ರೇಡಿಯೋ ನಿಲಯ ಯಾರದ್ದು ಎಂಬುದರಲ್ಲಿ ನಿನಗೆ ಯಾವತ್ತೂ ಸ್ವಲ್ಪ ಗೊಂದಲ. ಜನ ನಿನ್ನ ದನಿಯನ್ನೇ ನಿಲಯ ಎಂದುಕೊಂಡಿದ್ದರು, ನೀನೂ ಅದನ್ನೇ ನಂಬಿಬಿಟ್ಟೆ. ಮುರಿದ ರೇಡಿಯೋಗಳಿಗೆ ಬೆಸುಗೆ ಹಾಕುತ್ತಾ ಬೆರಳ ತುದಿ ಸುಟ್ಟುಕೊಂಡವಳು ನಾನು. ಧ್ವನಿವರ್ಧಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವಳು, ಕೈಗಾಡಿಗೆ ಹಾರ್ನ್ ಕಟ್ಟಿ ಬೀದಿಬೀದಿಯಲ್ಲಿ ಸೋಪಿನ ಪ್ರಚಾರ ಮಾಡಿಸಿದವಳು ನಾನು. ಆ ಗಾಡಿಯಲ್ಲಿ ಕೂರಿಸಲು ಒಂದು ಬಾಯಿ ಬೇಕಾಗಿತ್ತು. ಮನೆಯಲ್ಲಿ ಒಂದು ಬಾಯಿ ಸುಮ್ಮನೆ ತಿನ್ನುತ್ತಾ ಕೂತಿತ್ತು. ಅಷ್ಟೇ ಕಥೆ. ಪರವಾನಗಿಗೆಂದು ನಾನು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸುತ್ತಿದ್ದಾಗ ನೀನು ಕನ್ನಡಿಯ ಮುಂದೆ ನಿಂತು ಕೇಳುಗರಿಗೆ ನಮಸ್ಕಾರ ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದೆ. ದನಿ ನಿನ್ನದು, ಒಪ್ಪುತ್ತೇನೆ. ಆದರೆ ಆ ದನಿಗೆ ಬಿಸಿನೀರು ಕಾಯಿಸಿದವಳು ನಾನು, ತಣ್ಣಗಿನದು ಕುಡಿಯಬೇಡವೆಂದು ಕೈಯಿಂದ ಲೋಟ ಕಿತ್ತುಕೊಂಡವಳು ನಾನು, ಆ ಹಾಳು ಸಿಗರೇಟು ಬಿಡು ಎಂದು ಬಾಯಿ ಬಡಿದುಕೊಂಡವಳೂ ನಾನೇ. ನೀನು ಬಿಡಲಿಲ್ಲ. ತನ್ನ ಮನೆಯನ್ನು ತಾನೇ ಸುಟ್ಟುಕೊಳ್ಳುವವನಿಗೆ ಅಡ್ಡ ಬರುವುದಕ್ಕೆ ನಾವು ಯಾರು, ಆದರೆ ನೀನು ಸುಟ್ಟದ್ದು ನನ್ನ ಮನೆಯನ್ನು ಕಣೋ.

ಡಾಕ್ಟರು ನಿನ್ನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದ ದಿನ ನೀನು ನನ್ನ ಕೈ ಹಿಡಿದುಕೊಂಡು ಕೇಳಿದ್ದು ನೆನಪಿದೆಯೇ? "ಅಕ್ಕಾ, ನಾನಿಲ್ದೆ ಬೆಳಗಿನ ಕಾರ್ಯಕ್ರಮ ಹೇಗೆ ನಡೆಯುತ್ತೆ?" ನಿನ್ನ ಗಂಟಲಿನಿಂದ ನಾನು ಕೇಳಿದ ಕೊನೆಯ ವಾಕ್ಯ ಅದು. ಜೀವಕ್ಕೇನಾಗುತ್ತೆ ಎಂದು ಕೇಳಲಿಲ್ಲ, ನಿನ್ನ ಹೆಂಡತಿಯ ಗತಿ ಏನೆಂದು ಕೇಳಲಿಲ್ಲ. ನೀನಿಲ್ಲದೆ ನಡೆಯುವುದಿಲ್ಲವೆಂಬ ಉತ್ತರ ಬೇಕಾಗಿತ್ತು ನಿನಗೆ. ನಾನು ತಲೆ ಸವರಿದೆ ಅಷ್ಟೇ. ಈಗ ಹೇಳುತ್ತಿದ್ದೇನೆ: ಚೆನ್ನಾಗಿ ನಡೆಯುತ್ತಿದೆ.

ಮೊದಮೊದಲು ಕಷ್ಟವೇ ಆಯಿತು. ಒಬ್ಬ ಹುಡುಗಿಯನ್ನು ಕೂರಿಸಿ ನೋಡಿದೆ. ಒಳ್ಳೆಯ ದನಿ, ಸಕ್ಕರೆ ಪಾಕ. ಆದರೆ ಫೋನು ಒಂದೇ ಸಮನೆ ಬಡಿದುಕೊಂಡಿತು. "ಅಣ್ಣ ಎಲ್ಲಿ? ಅಣ್ಣಂಗೆ ಏನಾಯ್ತು? ಈ ಹುಡುಗಿ ಯಾರಮ್ಮ, ಅಂಗಡೀಲಿ ಸೀರೆ ತೋರಿಸೋ ಹಾಗೆ ಹಾಡು ತೋರಿಸ್ತಾಳೆ?" ಆ ಹುಡುಗಿ ಅತ್ತುಕೊಂಡು ಹೋದಳು. ಜನಕ್ಕೆ ನಿನಗೆ ಸಣ್ಣ ನೆಗಡಿ ಎಂದು ಹೇಳಿದೆ. ಹೇಳಿಬಿಟ್ಟ ಮೇಲೆ ನೆಗಡಿ ವಾಸಿಯಾಗಲೇಬೇಕಲ್ಲ? ಆಗ ನೆನಪಾದವರು ನಮ್ಮ ಮೇಷ್ಟ್ರು. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ನಿವೃತ್ತರಾದರಲ್ಲ, ನೀನು ಹಾಡಿನ ಮಧ್ಯೆ ಅವರ ಹೆಸರು ಹೇಳಿದ ದಿನ ಸ್ವೀಟು ಹಂಚಿದರಲ್ಲ, ಅವರೇ. ಮಾತಿಗೆ ಕೂರಿಸಿಕೊಂಡು, ನನ್ನ ತಮ್ಮ ಗುಣವಾಗಿ ಬರುವ ತನಕ ಏನಾದರೂ ಮಾಡಿಕೊಡಿ ಮೇಷ್ಟ್ರೇ ಎಂದೆ. ಅವರ ಕಣ್ಣು ಒದ್ದೆಯಾಯಿತು. ಮೃದು ಮನಸ್ಸಿನವರನ್ನು ಕೆಲಸಕ್ಕೆ ಹಚ್ಚುವುದು ಸುಲಭ, ಆಮೇಲೆ ನಿಲ್ಲಿಸುವುದೇ ಕಷ್ಟ.

ರೇಡಿಯೋ ನಡೆಸುವುದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆಯಂತೆ. ಯಾವ ಹಾಡು ಯಾವಾಗ, ಯಾವ ಮಾತು ಎಲ್ಲಿ, ಯಾವ ಜಾಹೀರಾತು ಯಾರ ಹಿಂದೆ, ಎಲ್ಲವನ್ನೂ ಒಮ್ಮೆ ಹೇಳಿಕೊಟ್ಟರೆ ವರ್ಷಗಟ್ಟಲೆ ತಾನೇ ನಡೆಸಿಕೊಂಡು ಹೋಗುತ್ತದಂತೆ. ಅದು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬುದರ ಮೇಲೆ ಕೂರುತ್ತದೆ. "ಇದು ಓಪನ್ ಸೋರ್ಸ್ ಅಮ್ಮ," ಎಂದರು ಮೇಷ್ಟ್ರು, ಮಗಳ ಮದುವೆ ಗೊತ್ತಾದವರ ಮುಖ ಮಾಡಿಕೊಂಡು, "ಯಾರು ಬೇಕಾದ್ರೂ ತಗೋಬಹುದು, ಬಿಚ್ಚಿ ಒಳಗೆ ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಂಡು ಬಳಸಬಹುದು. ಯಾರ ಅಪ್ಪಣೇನೂ ಬೇಡ." ಯಾರು ಬೇಕಾದರೂ ತೆಗೆದುಕೊಂಡು ಬಿಚ್ಚಿ ತಿದ್ದಿಕೊಳ್ಳಬಹುದು ಎಂದ ತಕ್ಷಣ ನನಗೆ ನಿನ್ನ ನೆನಪಾಯಿತು.

ಹೊಸ ಯಂತ್ರ ಯಾಕೆ, ನಿನ್ನ ಮೇಜಿನ ಕೆಳಗಿದ್ದ ಕಂಪ್ಯೂಟರನ್ನೇ ಹಗಲುರಾತ್ರಿ ಆರದೆ ಓಡುವ ಸರ್ವರ್ ಮಾಡೋಣ ಎಂದೆ. ಮೇಷ್ಟ್ರು ಪೆನ್‌ಡ್ರೈವ್ ಚುಚ್ಚಿದರು. ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿಗೆ ಕೆಲಸವಿಲ್ಲ. ನನಗೆ ಹಿಡಿಸಿತು, ಶೋಕಿಯಿಲ್ಲದ ಯಂತ್ರ. ಅದು ಮೊದಲಿಗೇ ಒಂದು ಪ್ರಶ್ನೆ ಕೇಳಿತು: ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ಮೇಷ್ಟ್ರು ಕೈ ಹಿಂದೆ ತೆಗೆದುಕೊಂಡರು. "ಇದ್ರಲ್ಲಿ ಅವರು ಬರೆದ ನಾಟಕಗಳಿದಾವಂತೆ ಅಮ್ಮ, ಒಂದ್ಸಲ ಹೇಳಿದ್ರು ನಂಗೆ. ಒಂದು ಮಾತು ಕೇಳಿಬಿಡೋಣ್ವಾ?" ನಾನು ಅಂದೆ, "ಕೇಳೋಣ ಮೇಷ್ಟ್ರೇ, ಅವನು ಯಾವ ಬಾಯಲ್ಲಿ ಹೇಳ್ತಾನೆ?" ಹಾಗಂದು ನಾನೇ ಗುಂಡಿ ಒತ್ತಿದೆ. ನೊಂದುಕೊಳ್ಳಬೇಡ. ನಿನ್ನ ನಾಟಕಗಳನ್ನು ಯಾರೂ ಕೇಳಿರಲಿಲ್ಲ, ಇನ್ನು ಮೇಲೂ ಕೇಳುವುದಿಲ್ಲ, ಪರಿಸ್ಥಿತಿಯಲ್ಲಿ ಬದಲಾವಣೆಯೇನೂ ಆಗಿಲ್ಲ.

ಆಮೇಲೆ ಬಿಳಿ ಸಾಲುಗಳು ಸರಸರನೆ ಮೇಲಕ್ಕೆ ಓಡತೊಡಗಿದವು, ಬಸ್ಸಿನ ಕಿಟಕಿಯಿಂದ ಬೇಲಿಕಂಬ ನೋಡಿದ ಹಾಗೆ. ಲಿನಕ್ಸ್ ಕೂತಿತು. ಸಾಫ್ಟ್‌ವೇರ್ ಹಾಕಲು ಹೋದರೆ ಅದು ಬರುವುದಕ್ಕೆ ಮೊದಲು ಇನ್ನೊಂದು ಬೇಕು ಎಂದಿತು, ಆ ಇನ್ನೊಂದು ಮತ್ತೊಂದನ್ನು ಕರೆಸಿ ಎಂದಿತು, ಒಬ್ಬನನ್ನು ಊಟಕ್ಕೆ ಕರೆದರೆ ಷಡ್ಡಕನನ್ನೂ ಅವನ ಭಾವಮೈದುನನನ್ನೂ ಕೇಳುವ ನೆಂಟರ ಹಾಗೆ. ಎಲ್ಲರನ್ನೂ ಕರೆಸಿ ಕೂರಿಸಿಯಾಯಿತು. ಹಾಡುಗಳನ್ನು ತುಂಬಿಯಾಯಿತು. ಪರದೆಯ ಮೇಲೆ ಹಾಡು ಓಡುತ್ತಿದೆ, ಸೆಕೆಂಡು ಎಣಿಸುತ್ತಿದೆ, ಸ್ಪೀಕರಿನಲ್ಲಿ ಮಾತ್ರ ಒಂದು ಚೂರೂ ಸದ್ದಿಲ್ಲ. ಮೇಷ್ಟ್ರು ಕನ್ನಡಕ ಒರೆಸಿ ಒರೆಸಿ ಹುಡುಕಿದರು. ಕೊನೆಗೆ ಹಣೆ ಚಚ್ಚಿಕೊಂಡರು. ಯಂತ್ರದೊಳಗೆ ದನಿ ಹೊರಡಿಸಲು ಅನುಮತಿ ಇರುವವರದ್ದೇ ಒಂದು ಗುಂಪಂತೆ; ನಮ್ಮ ಸಾಫ್ಟ್‌ವೇರನ್ನು ಆ ಗುಂಪಿಗೆ ಸೇರಿಸಲು ಮರೆತಿದ್ದರು. ಗುಂಪಿನಲ್ಲಿ ಇಲ್ಲದವನು ಎಷ್ಟು ಬಾಯಿ ಆಡಿಸಿದರೂ ಹೊರಗೆ ಕೇಳಿಸುವುದಿಲ್ಲ. ಒಂದೇ ಸಾಲು ಬರೆದು ಸೇರಿಸಿದರು, ಹಾಡು ಕೋಣೆ ತುಂಬಿತು. ಎಷ್ಟು ಸರಳ, ಎಷ್ಟು ನ್ಯಾಯ ಎನ್ನಿಸಿತು ನನಗೆ.

ನಿನ್ನನ್ನು ತುಂಬುವ ಕೆಲಸ ಮಾತ್ರ ನಾನೇ ಮಾಡಿದೆ. ಬೀರುವಿನಲ್ಲಿದ್ದ ಕ್ಯಾಸೆಟ್ಟು, ಸಿ.ಡಿ., ನಾನು ಪ್ರತಿದಿನ ಹಟ ಹಿಡಿದು ಉಳಿಸಿಟ್ಟ ರೆಕಾರ್ಡಿಂಗು, ಎಲ್ಲವನ್ನೂ ಕಿವಿಗೆ ಹಾಕಿಕೊಂಡು ಕೂತೆ. "ಇವೆಲ್ಲ ಯಾಕೆ ಕೂಡಿಡ್ತೀಯ ಅಕ್ಕಾ, ಕಸ" ಎನ್ನುತ್ತಿದ್ದೆಯಲ್ಲ! ನಿನ್ನನ್ನು ಕತ್ತರಿಸುತ್ತಾ ಹೋದೆ. ಶುಭೋದಯಗಳು ಒಂದು ಕಡೆ, ಶುಭರಾತ್ರಿಗಳು ಒಂದು ಕಡೆ. ಗಂಟೆಗಳು, ನಿಮಿಷಗಳು. ಮಳೆ ಬರಬಹುದು, ಬರದೇ ಇರಬಹುದು. ನಗು, ಸಣ್ಣ ನಗು, ಮುಚ್ಚಿಕೊಂಡ ನಗು. ಸಂತಾಪ. ಅಭಿನಂದನೆ. ಬೀದಿಗಳ ಹೆಸರು. ಮನುಷ್ಯರ ಹೆಸರು; ಇಷ್ಟು ವರ್ಷದಲ್ಲಿ ಈ ಊರಿನ ಎಲ್ಲಾ ಹೆಸರನ್ನೂ ಒಂದಲ್ಲ ಒಂದು ನೆಪದಲ್ಲಿ ನೀನು ಹೇಳಿಬಿಟ್ಟಿದ್ದೀಯ. ಹೊಸ ಸುದ್ದಿ ಬಂದರೆ ಈ ತುಣುಕುಗಳನ್ನೇ ಜೋಡಿಸಿದರಾಯಿತು. ನಿನ್ನ ಇಡೀ ಆಯುಸ್ಸಿನ ಮಾತು ರೊಟ್ಟಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಹಿಡಿಯಿತು, ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿಯಿತು. ಒಳಗೆ ಬಹಳ ಇದೆ ಎಂದು ನಾನೂ ಅಂದುಕೊಂಡಿದ್ದೆ. ಹೇಳಿದ್ದನ್ನೇ ಹೇಳಿದ್ದೀಯಪ್ಪ.

ತಪ್ಪುಗಳೂ ಆದವು, ಮುಚ್ಚಿಡುವುದಿಲ್ಲ. ಮೊದಲ ದಿನ ಸರ್ವರಿನ ಗಡಿಯಾರ ಯಾವುದೋ ಬೇರೆ ದೇಶದ ಸಮಯದಲ್ಲಿತ್ತು. ಮಟಮಟ ಮಧ್ಯಾಹ್ನ ನೀನು "ಶುಭೋದಯ, ಎದ್ದಿರಾ? ಮುಖ ತೊಳೆದಿರಾ?" ಎಂದೆ. ಊರಿಗೆ ಊರೇ ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಿತ್ತು. ಕೆಳಗಿನ ಟೈರ್ ಅಂಗಡಿಯವನು ಮೆಟ್ಟಿಲ ಬುಡದಿಂದಲೇ ಕೂಗಿದ, "ಅಕ್ಕಾ, ತಮ್ಮ ಈಗ ಎದ್ದನಾ? ನೆಗಡಿ ಔಷಧಿ ಸ್ವಲ್ಪ ಜಾಸ್ತಿ ಆಯ್ತಾ?" ಜನ ನಕ್ಕರು, ನೀನು ಗುಣವಾದೆ ಎಂದುಕೊಂಡರು, ಸಂತೋಷಪಟ್ಟರು. ಎರಡನೆಯದು ಅಷ್ಟು ಸುಲಭದ್ದಲ್ಲ. ನಿನ್ನ ನಗುಗಳನ್ನು ನಾನು ಜಾಹೀರಾತಿನ ಮುಂಚೆ ಬರುವ ಸದ್ದುಗಳ ಗುಂಪಿಗೆ ಹಾಕಿದ್ದೆ. ಹಾರ್ಡ್‌ವೇರ್ ಅಂಗಡಿಯ ಯಜಮಾನರು ತೀರಿಕೊಂಡ ಸುದ್ದಿ ಓದಿದೆ ನೀನು, ಎಷ್ಟು ಗಂಭೀರವಾಗಿ; ಓದಿ ಮುಗಿಸಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರ ಮಕ್ಕಳು ಕಬ್ಬಿಣದ ಸರಳು ಹಿಡಿದುಕೊಂಡೇ ಬಂದರು, ಅಂಗಡಿಯಲ್ಲಿ ಅದಕ್ಕೇನು ಬರ. "ಹೊರಗೆ ಬರಕ್ಕೆ ಹೇಳಿ ಅವನಿಗೆ!" ನಾನು ಬಾಗಿಲಿಗೆ ಅಡ್ಡ ನಿಂತು, ಅವನು ಕಾರ್ಯಕ್ರಮದಲ್ಲಿದ್ದಾನೆ, ಕೆಂಪು ದೀಪ ಕಾಣುವುದಿಲ್ಲವೇ ಎಂದೆ. ನೀನು ಯಾವತ್ತೋ ಒಂದು ಹಾಡಿನ ಹೆಸರು ತಪ್ಪು ಹೇಳಿದ್ದಕ್ಕೆ ಕ್ಷಮೆ ಕೇಳಿದ್ದು ಪೆಟ್ಟಿಗೆಯಲ್ಲಿತ್ತು. ಅವರ ಎದುರಿಗೇ ಹಾಕಿಸಿದೆ. "ತಪ್ಪಾಯ್ತು, ದೊಡ್ಡ ಮನಸ್ಸು ಮಾಡಿ." ಅವರು ಸರಳು ಇಳಿಸಿದರು. ಹಿರಿಯವನಂತೂ ಕಣ್ಣೊರೆಸಿಕೊಂಡ. ನೀನು ಎದುರಿಗೆ ನಿಂತು ಕೇಳಿದ್ದರೂ ಅಷ್ಟು ಚೆನ್ನಾಗಿ ಕೇಳುತ್ತಿರಲಿಲ್ಲ, ನಿನಗೆ ಕ್ಷಮೆ ಕೇಳುವಾಗ ವಾದ ಮಾಡುವ ಚಟ.

ನಿನ್ನ ಹೆಂಡತಿಯ ವಿಷಯ ಕೇಳಿದ್ದೀಯ. ಆರೋಗ್ಯವಾಗಿದ್ದಾಳೆ, ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಾಳೆ. ನಿನಗೆ ಬರೆಯಲು ಅವಳಿಗೆ ಪುರುಸೊತ್ತಿಲ್ಲವಂತೆ. ಬೆಳಗ್ಗೆ ಅಡಿಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೆಲಸ ಮಾಡುತ್ತಾಳೆ, ನೀನು ನಕ್ಕಾಗ ಅವಳೂ ನಗುತ್ತಾಳೆ. ಅದು ಯಂತ್ರ ಎಂದು ಗೊತ್ತು, ನಾನೇ ಹೇಳಿದ್ದೇನೆ. ಬೇಜಾರಾಗುವುದಿಲ್ಲವೇ ಎಂದರೆ, "ಮದುವೆಯಾದಾಗಿನಿಂದ ಹೀಗೇ ಅಲ್ವಾ ಅಕ್ಕಾ? ಊರಿಗೆಲ್ಲ ರೇಡಿಯೋದಲ್ಲಿ ಮಾತು, ಮನೆಗೆ ಬಂದ್ರೆ ಗಂಟಲಿಗೆ ರೆಸ್ಟು. ಈಗ ಬಟ್ಟೆ ಒಗೆಯೋದೊಂದು ಉಳೀತು" ಎಂದಳು. ನಗುತ್ತಲೇ ಹೇಳಿದಳು. ನಾನು ಅವಳ ಪರ ವಹಿಸುತ್ತಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುತ್ತಿದ್ದೇನೆ.

ಇನ್ನು ನಿನ್ನ ಆ ದಿನದ ವಿಷಯ. ಅದು ಅರ್ಥವಾಗಬೇಕಾದರೆ ಈ ಸಾಫ್ಟ್‌ವೇರಿನ ಒಂದು ಗುಣ ನಿನಗೆ ಗೊತ್ತಾಗಬೇಕು. ಯಾರಾದರೂ ಬಂದು ಮೈಕಿನ ಗುಂಡಿ ಮೇಲೆತ್ತಿದರೆ ಯಂತ್ರ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತದೆ, ಮನುಷ್ಯನಿಗೆ ದಾರಿ ಬಿಡುತ್ತದೆ. ಆದರೆ ಕಿವಿ ಮಾತ್ರ ಕೊಟ್ಟಿರುತ್ತದೆ. ಹತ್ತು ಸೆಕೆಂಡು ಸದ್ದೇ ಇಲ್ಲವೆಂದರೆ ಏನೋ ಕೆಟ್ಟಿದೆ ಎಂದು ತಿಳಿದು ಮೈಕನ್ನು ಮುಚ್ಚಿ, ನಾವು ಮೊದಲೇ ಇಟ್ಟ ಒಂದು ತುಣುಕನ್ನು ಹಾಕಿ, ಹಾಡು ಮುಂದುವರಿಸುತ್ತದೆ. ಸುಮ್ಮನಿರುವ ರೇಡಿಯೋವನ್ನು ಜನ ಆರಿಸಿಬಿಡುತ್ತಾರಲ್ಲ, ಅದಕ್ಕೆ. ಆ ತುಣುಕು ಯಾವುದಿಡೋಣ ಎಂದು ಮೇಷ್ಟ್ರು ಕೇಳಿದಾಗ ನಾನು ಯೋಚಿಸಲೇ ಇಲ್ಲ. ಹಿಂದೆ ಟೇಪು ಸಿಕ್ಕಿಕೊಂಡಾಗಲೆಲ್ಲ ನೀನು ಹೇಳುತ್ತಿದ್ದೆಯಲ್ಲ, ಮಕ್ಕಳು ಬೀದಿಯಲ್ಲಿ ಅಣಕಿಸುತ್ತಿದ್ದರಲ್ಲ, ಅದನ್ನೇ ಇಡಿ ಎಂದೆ: "ಎಲ್ಲೂ ಹೋಗಬೇಡಿ, ನಾನಿಲ್ಲೇ ಇದ್ದೀನಿ."

ಆ ಬೆಳಗ್ಗೆ ನಾನು ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡು ಟೈರ್ ಅಂಗಡಿಯ ಮುಂದೆ ಬರುತ್ತಿದ್ದೆ. ಅವನ ರೇಡಿಯೋದಲ್ಲಿ ಹಾಡು ನಡುವೆಯೇ ನಿಂತಿತು. ಏನೂ ಇಲ್ಲ. ಆಮೇಲೆ "ಎಲ್ಲೂ ಹೋಗಬೇಡಿ, ನಾನಿಲ್ಲೇ ಇದ್ದೀನಿ." ಮತ್ತೆ ಹಾಡು. ಒಂದು ಸಾಲು ಬಂದಿತ್ತೋ ಇಲ್ಲವೋ, ಮತ್ತೆ ನಿಂತಿತು. ಮತ್ತೆ ಅದೇ ಮಾತು. "ಏನಕ್ಕಾ, ತಮ್ಮ ಇವತ್ತು ಕಣ್ಣಾಮುಚ್ಚಾಲೆ ಆಡ್ತಿದಾನೆ?" ಎಂದ ಅವನು. ನಾನು ಮೆಟ್ಟಿಲು ಹತ್ತಿ ಬಂದು ಗಾಜಿನಲ್ಲಿ ನೋಡಿದರೆ ನೀನು. ನಿನ್ನ ಹಳೆಯ ಕೀಲಿ ಬಾಗಿಲಲ್ಲೇ ನೇತಾಡುತ್ತಿತ್ತು. ಕುತ್ತಿಗೆಯ ಬಟ್ಟೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಮೈಕಿಗೆ ತುಟಿ ತಾಗಿಸಿ ಮಾತಾಡುತ್ತಿದ್ದೆ, ನಿಜವಾಗಿ ಮಾತಾಡುತ್ತಿದ್ದೆ, ಬಾಯಿಯ ಆಕಾರದಲ್ಲೇ ಶುಭೋದಯ ಎಂದು ನನಗೆ ಓದಲು ಬಂತು. ಗಾಳಿ ಮಾತ್ರ ಕೆಳಗಿನ ತೂತಿನಿಂದ ಹೋಗುತ್ತಿತ್ತು. ನಿನ್ನಿಂದ ಹೊರಡುತ್ತಿದ್ದ ಸದ್ದು ಎಷ್ಟು ಸಣ್ಣದೆಂದರೆ ಯಂತ್ರ ಅದನ್ನು ಸದ್ದೆಂದು ಹಿಡಿಯಲಿಲ್ಲ. ಮೂರನೆಯ ಸಲವೂ ನಿನ್ನನ್ನು ಮುಚ್ಚಿತು. ನೀನು ಸ್ಪೀಕರಿನ ಕಡೆ ತಲೆ ಎತ್ತಿದೆ, ಅಲ್ಲಿಂದ ನೀನೇ ಹೇಳಿದೆ, ಎಲ್ಲೂ ಹೋಗಬೇಡಿ ಎಂದು. ಆಗ ನಿನ್ನ ತುಟಿಗಳೂ ಅದರ ಜೊತೆಗೇ ಆಡಿದವು, ಒಂದು ಅಕ್ಷರ ಹಿಂದೆ ಬೀಳದೆ. ನೀನು ಅತ್ತೆ ಎಂದು ನಾನು ಬರೆಯುವುದಿಲ್ಲ. ಸದ್ದಿಲ್ಲದ ಅಳುವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ, ನನಗೆ ಗೊತ್ತಿಲ್ಲ. ಮಫ್ಲರು ಸುತ್ತಿ ಹಿಂದಿನ ಮೆಟ್ಟಿಲಿನಿಂದ ಇಳಿಸಿ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಎರಡು ಅಂಗಡಿಗಳಲ್ಲಿ ನೀನು ಹವಾಮಾನ ಹೇಳುತ್ತಿದ್ದೆ. ಟೀ ಅಲ್ಲೇ ಮರೆತಿದ್ದೆ, ತಣ್ಣಗಾಯಿತು.

ಈಗ ಆ ಹೊಸ ಯಂತ್ರದ ಮಾತು. ನರ್ಸಿನ ಫೋನಿನಿಂದ ನೀನು ಕಳಿಸಿದ ರೆಕಾರ್ಡಿಂಗ್ ಕೇಳಿದೆ. "ಅಕ್ಕಾ, ನಾನು" ಎಂದು ಶುರುವಾಗುತ್ತದಲ್ಲ, ಅದೇ. ಮೇಷ್ಟ್ರು ಇನ್ನೊಂದು ಸಲ ಹಾಕಿಸಿಕೊಂಡು ಕೇಳಿ, "ಇದು ಅವರೇ ಅಮ್ಮ. ಮಾತಿನ ಓಟ ನೋಡಿ, ಅವರದ್ದೇ. ಹದಿನೈದು ನಿಮಿಷ ಕೊಡಿ, ಜನ ಅರ್ಥ ಮಾಡ್ಕೋತಾರೆ" ಎಂದರು. ನನಗೆ ಡಬ್ಬಿಯಲ್ಲಿ ಸಿಕ್ಕಿದ ದುಂಬಿಯ ಹಾಗೆ ಕೇಳಿಸಿತು. ಆದರೂ ನನ್ನ ಕಿವಿಯನ್ನೊಂದೇ ನಂಬಬಾರದು ಎಂದು, ಯಾರದ್ದೆಂದು ಹೇಳದೆ ನಿನ್ನ ಹೆಂಡತಿಗೆ ಕೇಳಿಸಿದೆ. ಕೈಯಲ್ಲಿದ್ದ ಪಾತ್ರೆ ಉಜ್ಜುತ್ತಲೇ, "ಎಲ್ಲೋ ಡ್ರಿಲ್ಲಿಂಗ್ ನಡೀತಿದೆ ಅಕ್ಕಾ, ಕಿಟಕಿ ಹಾಕಿ" ಎಂದಳು.

ಆದರೆ ಒಂದು ಮಾತಿನಲ್ಲಿ ನೀನು ಹೇಳಿದ್ದು ಸರಿ, ಒಪ್ಪಿಕೊಳ್ಳದಿದ್ದರೆ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. "ಜನಕ್ಕೆ ಉಸಿರಾಡುವ ಮನುಷ್ಯ ಬೇಕು ಅಕ್ಕಾ, ಎಷ್ಟು ದಿನ ಮೋಸ ನಡೆಯುತ್ತದೆ?" ಎಂದು ಬರೆದೆಯಲ್ಲ. ನಿಜ, ಗುಸುಗುಸು ಶುರುವಾಗಿತ್ತು. "ಅಣ್ಣ ಯಾಕೋ ಮೊದಲಿನ ಹಾಗೆ ನಮ್ಮ ಜೊತೆ ಕೂತು ಮಾತಾಡ್ತಿಲ್ಲ, ಓದಿ ಒಪ್ಪಿಸ್ತಿದಾರೆ" ಎಂದು ನಾಲ್ಕಾರು ಜನ ಫೋನು ಮಾಡಿದರು. ನಾನು ಕತ್ತರಿಸುವಾಗ ಚೊಕ್ಕಟವಾಗಿರಲಿ ಎಂದು ಮಾತಿನ ಹಿಂದುಮುಂದಿನ ಉಸಿರನ್ನೆಲ್ಲ ತೆಗೆದು ಬಿಸಾಡಿದ್ದೆ. ಆಮೇಲೆ ಮೂಲ ಕ್ಯಾಸೆಟ್ಟು, ಸಿ.ಡಿ. ಎಲ್ಲವನ್ನೂ ಹಳೆಯ ಸಾಮಾನಿನವನಿಗೆ ಕೊಟ್ಟಾಗಿತ್ತು. ನಿನ್ನ ಉಸಿರೊಂದು ಇದ್ದಿದ್ದರೆ ಎಂದು ನಾನೇ ಎಷ್ಟೋ ಸಲ ಅಂದುಕೊಂಡೆ. ಅದು ನಿನ್ನ ಹತ್ತಿರ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲವಲ್ಲ. ನೀನು ಬಂದು ಕೂತರೆ ಹೇಗಿರುತ್ತದೆ ಎಂದು ಯೋಚಿಸಿದ್ದೂ ನಿಜ.

ಔಷಧಿ ತಪ್ಪಿಸಬೇಡ. ಚಳಿಯಲ್ಲಿ ತಿರುಗಾಡಬೇಡ. ಸ್ವೆಟರು ಕಳಿಸಿದ್ದೇನೆ, ಕುತ್ತಿಗೆಯ ಹತ್ತಿರ ಅಗಲವಾಗಿ ಹೆಣೆದಿದ್ದೇನೆ, ಒತ್ತುವುದಿಲ್ಲ. ಪಕ್ಕದ ಹಾಸಿಗೆಯವರಿಗೂ ನರ್ಸಮ್ಮನಿಗೂ ನಾನು ಕೇಳಿದೆನೆಂದು ಹೇಳು, ಅಂದರೆ ಬರೆದು ತೋರಿಸು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನಿನ್ನನ್ನು ಎತ್ತಿ ಆಡಿಸಿದ ಕೈ ಇದು. ಎಲ್ಲಿದ್ದರೂ ನಿನ್ನ ತಲೆಯ ಮೇಲೇ ಇರುತ್ತದೆ. ನೂರು ವರ್ಷ ಬಾಳು.

ಇಂತಿ ನಿನ್ನನ್ನು ಸಾಕಿದ,
ಅಕ್ಕ

ಮರೆತಿದ್ದೆ: ನಿನ್ನ ಪ್ರಶ್ನೆಗೆ ಉತ್ತರ ಬರೆಯುವುದೇ ಉಳಿಯಿತು. ಪೋಸ್ಟಿನವನು ಕೆಳಗೆ ಕಾಯುತ್ತಿದ್ದಾನೆ. ನೀನು ಬಂದುಹೋದ ಮಾರನೆಯ ದಿನ ಒಬ್ಬ ಮುದುಕಿ ಫೋನು ಮಾಡಿ, "ನಿನ್ನೆ ಅಣ್ಣ ಮಾತಾಡೋ ಮುಂಚೆ ಉಸಿರು ಎಳ್ಕೊಂಡ್ರಲ್ಲಮ್ಮ, ಪಕ್ಕದಲ್ಲೇ ಬಂದು ಕೂತ ಹಾಗಾಯ್ತು" ಎಂದಳು. ಯಂತ್ರ ನಿನ್ನನ್ನು ಮುಚ್ಚುವ ತನಕ ಪ್ರತಿ ಸಲವೂ ಆ ಹತ್ತು ಸೆಕೆಂಡು ಪ್ರಸಾರವಾಗಿಯೇ ಹೋಗಿತ್ತು. ಪ್ರಸಾರವಾದದ್ದೆಲ್ಲ ಸರ್ವರಿನಲ್ಲಿ ಉಳಿಯುತ್ತದೆ. ಮೇಷ್ಟ್ರಿಂದ ಅದನ್ನು ಹುಡುಕಿಸಿ, ದೊಡ್ಡದು ಮಾಡಿಸಿ ಕೇಳಿದೆ. ಎಲ್ಲ ಇದೆ: ಉಸಿರು, ತುಟಿ ಬಿಡಿಸುವ ಸಣ್ಣ ಸದ್ದು, ಕುರ್ಚಿಯ ಕಿರ್ ಎಂಬುದು ಕೂಡ. ಅದನ್ನು ಕತ್ತರಿಸಿ ಈಗ ನಿನ್ನ ಪ್ರತಿಯೊಂದು ಮಾತಿನ ಮುಂಚೆಯೂ ಕೂರಿಸಿದ್ದೇವೆ. ಗುಸುಗುಸು ನಿಂತಿದೆ. ಆ ಕೆಲಸ ಮುಗಿಸಿದ ಮೇಲೆ ಮೇಷ್ಟ್ರು ಯಾಕೋ ಈ ಕಡೆ ಬರುತ್ತಿಲ್ಲ, ಬೀದಿಯಲ್ಲಿ ಸಿಕ್ಕರೂ ತಲೆ ತಗ್ಗಿಸಿ ಹೋಗುತ್ತಾರೆ. ಬರದಿದ್ದರೂ ಯಂತ್ರ ನಡೆಯುತ್ತದೆ. ಹಾಗಾಗಿ ಭಾನುವಾರದ ಅಗತ್ಯವಿಲ್ಲ ತಮ್ಮಾ, ನಿನ್ನಿಂದ ಬರಬೇಕಾದ್ದೆಲ್ಲ ಬಂತು. ಬಾಗಿಲಿನ ಬೀಗ ಬದಲಾಯಿಸಿದ್ದೇನೆ. ಮುಖ ತೋರಿಸಿಕೊಂಡು ಊರಿಗೆ ಬಂದರೆ, ದಿನಾ ಬೆಳಗ್ಗೆ ಮಾತಾಡುವವನ ವೇಷ ಹಾಕಿಕೊಂಡವನು ಯಾರೋ ಬಂದಿದ್ದಾನೆ ಎಂದು ಜನ ಹೊಡೆದಾರು. ಎಲ್ಲೂ ಹೋಗಬೇಡ. ಅಲ್ಲೇ ಇರು.